ಸತ್ಯಾಂಶ: ಸ್ಕಾಲರ್‌ಶಿಪ್ ಮಕ್ಕಳಿಗೆ ಅಂಕ ಕಡಿಮೆ ಬಂದರೆ ದುಡ್ಡು ದಂಡವಾ?

ಉಡುಪಿ ಕಡೆಯ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುತ್ತುತ್ತಿರುವ ಫಾರ್ವರ್ಡ್ ಇದು: "ಸ್ಕಾಲರ್‌ಶಿಪ್ ಪಡೆದವರ ಅಂಕ ಉಳಿದವರಿಗಿಂತ ಕಡಿಮೆ. ತೆರಿಗೆ ದುಡ್ಡು ದಂಡ."

ಅಂಕ ಕಡಿಮೆ ಇದ್ದರೂ ಇರಬಹುದು. ಆದರೆ ಅದರಿಂದ ದುಡ್ಡು ದಂಡ ಅಂತ ಹೇಳೋಕೆ ಬರುವುದಿಲ್ಲ. ತಂದೆ ಮಲ್ಪೆ ಬಂದರಿನಲ್ಲಿ ದುಡಿಯುತ್ತಾರೆ, ತಾಯಿ ಬೀಡಿ ಕಟ್ಟುತ್ತಾರೆ ಅಂದುಕೊಳ್ಳಿ. ಮಗಳು ಬೆಳಿಗ್ಗೆ ಎಲೆ ಕತ್ತರಿಸಿಕೊಟ್ಟು ಬಸ್ ಹಿಡಿಯುತ್ತಾಳೆ, ಸಂಜೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಅವಳನ್ನು ಟ್ಯೂಷನ್‌ಗೆ ಹೋಗುವ ಡಾಕ್ಟರ ಮಗನ ಜೊತೆ ಹೋಲಿಸಿದರೆ ಕಾಣುವುದು ಎರಡು ಮನೆಗಳ ವ್ಯತ್ಯಾಸ, ಅಲ್ವಾ? ಸ್ಕಾಲರ್‌ಶಿಪ್ ಸಿಗದಿದ್ದರೆ ಅವಳು ಕಾಲೇಜಿನಲ್ಲೇ ಇರುತ್ತಿದ್ದಳಾ? ಕೇಳಬೇಕಾದ್ದು ಅದು.

ಅದನ್ನು ತಿಳಿಯೋಕೂ ದಾರಿ ಇದೆ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್‌ಗೆ ಕೇಂದ್ರದ 2021ರ ಮಾರ್ಗಸೂಚಿಯಲ್ಲಿ ಆದಾಯ ಮಿತಿ 2.5 ಲಕ್ಷ ರೂಪಾಯಿ. ವರ್ಷಕ್ಕೆ 2.4 ಲಕ್ಷದ ಮನೆಗೂ 2.6 ಲಕ್ಷದ ಮನೆಗೂ ಜಾಸ್ತಿ ವ್ಯತ್ಯಾಸ ಇರುವುದಿಲ್ಲ, ಆದರೆ ಮಿತಿಯಿಂದಾಗಿ ಮೊದಲನೆಯದಕ್ಕಷ್ಟೇ ಸ್ಕಾಲರ್‌ಶಿಪ್ ಸಿಗಬಹುದು. ಮಿತಿಯ ಆಚೀಚೆ ಇರುವ ಇಂಥ ಮಕ್ಕಳಲ್ಲಿ ಎಷ್ಟು ಜನ ಡಿಗ್ರಿ ಮುಗಿಸಿದರು ಅಂತ ನೋಡಬೇಕು.

ಅಮೆರಿಕದಲ್ಲಿ 2008ರ ಸುಮಾರಿಗೆ ಒಂದು ಪ್ರಯೋಗ ನಡೆಯಿತು. ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವು ಮನೆಯವರಿಗೆ ಹಣಕಾಸಿನ ನೆರವಿನ ಅರ್ಜಿ ತುಂಬಿಕೊಟ್ಟರು, ಕೆಲವರಿಗೆ ಸುಮ್ನೆ ಮಾಹಿತಿ ಕೊಟ್ಟರು. ಅರ್ಜಿ ತುಂಬಿಕೊಟ್ಟ ಕಡೆ ಕಾಲೇಜು ಸೇರಿದವರು ಶೇಕಡಾ 8 ಅಂಶ ಜಾಸ್ತಿ. ಬರೀ ಮಾಹಿತಿಯಿಂದ ಏನೂ ಬದಲಾಗಲಿಲ್ಲ. ನಮ್ಮಲ್ಲೂ ಪೋರ್ಟಲ್ ಮುಂದೆ ಪರದಾಡುವ ಮನೆಗಳಿವೆ, ಹಾಗಾಗಿ ಈ ಫಲಿತಾಂಶ ನನಗೆ ತುಂಬಾ ಮುಖ್ಯ ಅನಿಸುತ್ತದೆ.

ಮಿತಿಯ ಆಚೀಚಿನ ಮಕ್ಕಳನ್ನು ಹೋಲಿಸಿ ಲೆಕ್ಕ ಹಾಕುವವರಿಗೆ ಮಗುವಿನ ಹೆಸರು, ಆಧಾರ್ ನಂಬರ್ ಕಾಣಬೇಕಾಗಿಲ್ಲ. ಆದಾಯ, ಹಣ ಖಾತೆಗೆ ಬಂದ ತಿಂಗಳು, ಮುಂದಿನ ವರ್ಷ ಹೆಸರು ನೋಂದಾಯಿಸಿದರಾ ಇಲ್ಲವಾ, ಇಷ್ಟಿದ್ದರೆ ಸಾಕು.