ಪರಿಶೀಲನೆಗೂ ಮುಂಚೆಯೇ ಸಂಶೋಧನೆ ಬಯಲಿಗೆ ಬರಬೇಕೇ?

ಸಂಶೋಧನಾ ಪ್ರಬಂಧ ಜರ್ನಲ್‌ಗೆ ಹೋದರೆ ಬೇರೆ ತಜ್ಞರು ಓದಿ, ತಪ್ಪು ಹುಡುಕಿ, ಒಪ್ಪಿದ ಮೇಲೇ ಅಚ್ಚಾಗುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ಕಾಯದೆ ಕರಡನ್ನೇ ಎಲ್ಲರ ಮುಂದಿಟ್ಟರೆ ಅದು ಪ್ರಿಪ್ರಿಂಟ್. 1991ರಲ್ಲಿ ಆರ್ಕೈವ್ ತಾಣ ಶುರುವಾದಾಗಿನಿಂದ ಭೌತವಿಜ್ಞಾನಿಗಳಿಗೆ ಇದು ರೂಢಿ. ವೈದ್ಯಕೀಯಕ್ಕೆ ಇಂಥದ್ದೇ ತಾಣ ಬಂದಿದ್ದು 2019ರಲ್ಲಿ. ಜಗಳ ಜೋರಾಗಿದ್ದೂ ಆಮೇಲೆಯೇ.

ಪರ

2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ಎಲ್‌ಕೆ-99 ಎಂಬ ವಸ್ತುವಿನ ಕರಡು ಹಾಕಿತು. 127 ಡಿಗ್ರಿ ಸೆಲ್ಸಿಯಸ್‌ವರೆಗೂ ಇದು ಸೂಪರ್‌ಕಂಡಕ್ಟರ್ ಎಂದಿತು. ಅಂದರೆ ಕುದಿಯುವ ನೀರಿಗಿಂತ ಬಿಸಿಯಾಗಿದ್ದರೂ ವಿದ್ಯುತ್ತಿಗೆ ಚೂರೂ ತಡೆಯಿಲ್ಲ! ತಯಾರಿಸುವ ವಿಧಾನವೂ ಕರಡಿನಲ್ಲೇ ಇತ್ತು. ಹಲವು ದೇಶಗಳ ಲ್ಯಾಬ್‌ಗಳು ಕುಲುಮೆ ಹಚ್ಚಿ ಕೂತವು.

ಕರಡಿನ ಪ್ರಕಾರ 104 ಡಿಗ್ರಿಯ ಆಸುಪಾಸಿನಲ್ಲಿ ವಿದ್ಯುತ್ ರೋಧ ಥಟ್ಟನೆ ಇಳಿದಿತ್ತು. ಇಲಿನಾಯ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಪ್ರಶಾಂತ್ ಜೈನ್‌ಗೆ ಆ ಅಂಕಿ ಪರಿಚಿತ. ತಾಮ್ರದ ಸಲ್ಫೈಡ್ ತನ್ನ ಒಳರಚನೆ ಬದಲಿಸುವುದು ಅದೇ ಉಷ್ಣತೆಯಲ್ಲಿ. ಎಲ್‌ಕೆ-99 ತಯಾರಾಗುವಾಗ ಅದೇ ಸಲ್ಫೈಡ್ ಕಲ್ಮಶವಾಗಿ ಉಳಿದುಕೊಂಡಿತ್ತು. ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಆ ಸಲ್ಫೈಡ್ ಹುಟ್ಟದಂತೆ, ಗಂಧಕವಿಲ್ಲದೆ ಶುದ್ಧ ಹರಳು ಬೆಳೆಸಿ ನೋಡಿದರು. ನೇರಳೆ ಬಣ್ಣದ, ಪಾರದರ್ಶಕ ಹರಳು. ವಿದ್ಯುತ್ ಹರಿಯಲೇ ಇಲ್ಲ. ಆಗಸ್ಟ್ ಅರ್ಧ ಕಳೆಯುವಷ್ಟರಲ್ಲಿ ಪ್ರಶ್ನೆ ಇತ್ಯರ್ಥವಾಗಿತ್ತು: ಎಲ್‌ಕೆ-99 ಸೂಪರ್‌ಕಂಡಕ್ಟರ್ ಅಲ್ಲ.

ಜರ್ನಲ್ ಬಾಗಿಲು ಕಾಯುತ್ತದಲ್ಲಾ ಎನ್ನುತ್ತೀರಾ? ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಂಗ ಡಯಾಸ್ ತಂಡದ ಸೂಪರ್‌ಕಂಡಕ್ಟರ್ ಪ್ರಬಂಧ 'ನೇಚರ್' ಜರ್ನಲ್‌ನಲ್ಲಿ ತಜ್ಞರ ಒಪ್ಪಿಗೆ ಪಡೆದೇ ಅಚ್ಚಾಯಿತು. ನವೆಂಬರ್‌ನಲ್ಲಿ ಅದನ್ನು ಹಿಂಪಡೆದರು. ಮುಚ್ಚಿದ ಕೋಣೆಯಲ್ಲಿ ಎರಡು ಮೂರು ಜನ ಓದುವುದಕ್ಕಿಂತ ಬಯಲಲ್ಲಿ ನೂರು ಜನ ಓದುವುದು ವಾಸಿ ಅಲ್ವಾ?

ಕಾಯುವುದಕ್ಕೂ ಬೆಲೆಯಿದೆ. ಡೆಕ್ಸಾಮೆಥಾಸೋನ್ ಎಂಬ ಅಗ್ಗದ, ಹಳೇ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ ಪ್ರಕಟಿಸಿದ್ದು 2020ರ ಜೂನ್ 16ರಂದು. ವಾರದೊಳಗೆ ಕರಡು ಬಂತು. ಜರ್ನಲ್‌ನಲ್ಲಿ ಬಂದಿದ್ದು ಜುಲೈ 17ಕ್ಕೆ. ನಡುವಿನ ಆ ಒಂದು ತಿಂಗಳು ವಿಷಯ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರೆ?

ವಿರೋಧ

ಎಲ್‌ಕೆ-99 ಸುಳ್ಳಾದರೆ ಹಾಳಾಗುವುದು ಒಂದಿಷ್ಟು ಸೀಸ, ತಾಮ್ರ. ಔಷಧಿಯ ವಿಷಯ ಹಾಗಲ್ಲ.

2020ರ ನವೆಂಬರ್‌ನಲ್ಲಿ ಈಜಿಪ್ಟಿನಿಂದ ಒಂದು ಕರಡು ಬಂತು. ಪರಾವಲಂಬಿ ಹುಳುಗಳಿಗೆ ಕೊಡುವ ಐವರ್ಮೆಕ್ಟಿನ್ ಎಂಬ ಔಷಧಿ ಕೊಟ್ಟರೆ ಕೋವಿಡ್ ಸಾವು ಶೇ 90ಕ್ಕೂ ಹೆಚ್ಚು ಇಳಿಯುತ್ತದೆ ಎಂಬುದು ಅದರ ಮಾತು. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಂಡರು. ಆ ಲೆಕ್ಕ ನೋಡಿ ಔಷಧಿಯನ್ನು ನಂಬಿದವರು ಎಷ್ಟೋ. ಪ್ರಾಣಿಗಳಿಗೆಂದು ಮಾಡಿದ್ದನ್ನೂ ಜನ ನುಂಗಿದರು, ನುಂಗಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಬೇಕಾಯಿತು.

ಮೋಸ ಹಿಡಿದದ್ದು ಲಂಡನ್ನಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ. ರೋಗಿಗಳ ಮಾಹಿತಿಯ ಕಡತಕ್ಕೆ ಪಾಸ್‌ವರ್ಡ್ ಇತ್ತು. ಊಹಿಸಿ ನೋಡಿದರೆ ಅದು 1234! ಒಳಗೆ ಒಬ್ಬರ ವಿವರವೇ ಇನ್ನೊಬ್ಬರಿಗೆ ನಕಲಾಗಿತ್ತು. ಸತ್ತವರ ಪಟ್ಟಿಯಲ್ಲಿದ್ದ ಕೆಲವರು ಪ್ರಯೋಗ ಶುರುವಾಗುವ ಮೊದಲೇ ತೀರಿಕೊಂಡಿದ್ದರು. 2021ರ ಜುಲೈನಲ್ಲಿ ತಾಣ ಆ ಕರಡನ್ನು ತೆಗೆದುಹಾಕಿತು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಬಯಲಲ್ಲಿ ನೂರು ಜನ ಓದುತ್ತಾರಂತೆ, ಎಲ್ಲಿದ್ದರು ಅವರೆಲ್ಲ?

ಎಲ್‌ಕೆ-99 ಬೇಗ ಬಯಲಾಗಿದ್ದಕ್ಕೆ ಕಾರಣ ಸರಳ. ಕೆಲವು ದಿನಗಳಲ್ಲಿ ಯಾವ ಲ್ಯಾಬ್‌ನಲ್ಲಾದರೂ ಮಾಡಿ ನೋಡಬಹುದಿತ್ತು. ನೂರಾರು ರೋಗಿಗಳ ಮೇಲಿನ ಪ್ರಯೋಗವನ್ನು ಹಾಗೆ ಸುಮ್ನೆ ಮತ್ತೊಮ್ಮೆ ಮಾಡಿ ನೋಡಲಾಗುತ್ತದೆಯೇ?

ಡೆಕ್ಸಾಮೆಥಾಸೋನ್ ಉದಾಹರಣೆಯೂ ಪೂರ್ತಿ ಆ ಕಡೆಯದಲ್ಲ. ಅದು ಆರು ಸಾವಿರಕ್ಕೂ ಜಾಸ್ತಿ ರೋಗಿಗಳ ಗಟ್ಟಿ ಪ್ರಯೋಗ, ಕರಡಿನಲ್ಲಿ ಬಂದರೂ ನಿಲ್ಲುವಂಥದ್ದು. ಆಕ್ಸಿಜನ್ ಬೇಕಿಲ್ಲದವರಿಗೆ ಲಾಭವಿಲ್ಲ ಎಂಬುದೂ ಅದರಲ್ಲೇ ಇತ್ತು. ತಲೆಬರಹ ಮಾತ್ರ ಓದಿದವರಿಗೆ ಅದು ತಲುಪಿತೇ? ವೈದ್ಯಕೀಯ ಕರಡುಗಳ ನೆತ್ತಿಯ ಮೇಲೆ 'ಇದನ್ನು ನೋಡಿ ಚಿಕಿತ್ಸೆ ಕೊಡಬೇಡಿ' ಎಂಬ ಎಚ್ಚರಿಕೆ ಇರುತ್ತದೆ, ನಿಜ. ವಾಟ್ಸಾಪ್‌ನಲ್ಲಿ ಓಡಾಡುವ ಸ್ಕ್ರೀನ್‌ಶಾಟ್‌ನಲ್ಲಿ ಇರುವುದಿಲ್ಲ.

ವಸ್ತು, ನಕ್ಷತ್ರ, ಗಣಿತದ ಕರಡುಗಳು ಧಾರಾಳವಾಗಿ ಬರಲಿ. ಚಿಕಿತ್ಸೆಯ ಕರಡು ಹಾಕುವವರು ಮಾತ್ರ ಹೆಸರು ಅಳಿಸಿ ರೋಗಿಗಳ ಮಾಹಿತಿಯನ್ನೂ ಜೊತೆಗೇ ಹಾಕಬೇಕು, ಪಾಸ್‌ವರ್ಡ್ ಇಲ್ಲದೆ. ಆಗುವುದಿಲ್ಲ ಎಂದಾದರೆ ಜರ್ನಲ್ ಒಪ್ಪುವ ತನಕ ಕಾಯಲಿ.