ತಂಗಿಯ ತಾಟು ನೋಡುವವರಿಗೆ

ತಂಗಿಯನ್ನ ಕೇಳಿಯೇ ಇದನ್ನ ಬರೆಯುತ್ತಿದ್ದೇನೆ. ಗಂಗಾವತಿಯ ನಮ್ಮ ನೆಂಟರು ದಯವಿಟ್ಟು ಪೂರ್ತಿ ಓದಿ.

ಬಳ್ಳಾರಿಯ ಹಾಸ್ಟೆಲ್‌ನಲ್ಲಿದ್ದಾಗ ಅವಳು ಊಟ ಬಿಡುತ್ತಾ ಬಂದಳು. ಊರಿಗೆ ಬಂದರೆ ರೊಟ್ಟಿಯನ್ನ ಚೂರು ಮಾಡಿ ತಾಟಿನ ಅಂಚಿಗೆ ಸರಿಸಿ, ಉಂಡೆ ಅಂತ ಎದ್ದುಬಿಡುತ್ತಿದ್ದಳು. ಮುಟ್ಟು ನಿಂತಿತ್ತು, ಅದನ್ನ ಅವ್ವನಿಗೂ ಹೇಳಿರಲಿಲ್ಲ. ನಾವು ಹಠ ಅಂದೆವು. ದೊಡ್ಡಪ್ಪ ನಖರಾ ಅಂದರು. ಹುಲಿಗೆಮ್ಮನ ಗುಡಿಗೂ ಹೋಗಿ ಬಂದೆವು. ಮೊದಲು ತೋರಿಸಿದ ಡಾಕ್ಟರು ರಕ್ತ ಕಡಿಮೆ ಇದೆ ಅಂತ ಟಾನಿಕ್ ಬರೆದು ಕಳಿಸಿದರು. ಆರು ತಿಂಗಳು ಹಾಗೇ ಹೋಯಿತು, ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ, ನನ್ನ ಮೇಲೂ.

ಕೊನೆಗೆ ಮಾನಸಿಕ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ್ದು, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಅಂತ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಚಿಗವ್ವನ ಹೆಸರು ಹೇಳಿದಳು. ಮದುವೆಗೆ ಮುಂಚೆ ಚಿಗವ್ವ ಎರಡು ವರ್ಷ ಸರಿಯಾಗಿ ಉಂಡಿರಲಿಲ್ಲವಂತೆ. ಆಗ ಊರಲ್ಲಿ ಗಾಳಿ ಹಿಡಿದಿದೆ ಅಂದಿದ್ದರಂತೆ.

ಅಲ್ಲಿಂದ ಓದುತ್ತಾ ಹೋದೆ. ಹೊಟ್ಟೆ ಖಾಲಿಯಾದಾಗ ಗ್ರೆಲಿನ್ ಅನ್ನುವ ಹಾರ್ಮೋನು ಮೆದುಳಿಗೆ ಉಣ್ಣು ಅಂತ ಹೇಳುತ್ತದೆ, 1999ರಲ್ಲಿ ಜಪಾನಿನವರು ಕಂಡುಹಿಡಿದದ್ದು. ಅದಕ್ಕೂ ಮುಂಚೆ, 1994ರಲ್ಲಿ, ಲೆಪ್ಟಿನ್ ಸಿಕ್ಕಿತ್ತು. ಅದು ಮೈಯ ಕೊಬ್ಬಿನಿಂದ ಬರುತ್ತದೆ, ಕೂಡಿಟ್ಟದ್ದು ಸಾಕಷ್ಟಿದೆ ಅಂತ ಮೆದುಳಿಗೆ ತಿಳಿಸುತ್ತದೆ. ಲೆಪ್ಟಿನ್ ಜೀನೇ ಕೆಟ್ಟಿದ್ದ ಇಬ್ಬರು ಮಕ್ಕಳ ಬಗ್ಗೆ 1997ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಬರೆದರು. ಎಷ್ಟು ಉಂಡರೂ ತಣಿಯದ ಹಸಿವು. ಮುಂದೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟಾಗ ಹಸಿವು ತಗ್ಗಿತು. ನಾವಾಗಿದ್ದರೆ ಆ ಮಕ್ಕಳನ್ನ ಹೊಟ್ಟೆಬಾಕರು ಅಂತಿದ್ದೆವು, ಅಲ್ವಾ?

ತಂಗಿಗೆ ಬಂದದ್ದು ಅನೊರೆಕ್ಸಿಯಾ, ದಪ್ಪಗಾಗುವ ಭಯದಲ್ಲಿ ಊಟ ಬಿಟ್ಟು ಸೊರಗುವ ಕಾಯಿಲೆ. ಅದರಲ್ಲಿ ಮೈ ಸೊರಗಿದಂತೆ ಲೆಪ್ಟಿನ್ ಇಳಿಯುತ್ತದೆ, ಮುಟ್ಟು ನಿಲ್ಲುವುದಕ್ಕೆ ಅದೂ ಒಂದು ಕಾರಣ. ಗ್ರೆಲಿನ್ ಮಾತ್ರ ಸಾಮಾನ್ಯವಾಗಿ ಏರಿರುತ್ತದೆ. ಅಂದರೆ ಉಣ್ಣು ಅಂತ ಹೊಟ್ಟೆ ಹೇಳುತ್ತಿದ್ದರೂ ಅವಳಿಗೆ ಉಣ್ಣಲು ಆಗುತ್ತಿರಲಿಲ್ಲ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಈ ಕಾಯಿಲೆಯ ಅಪಾಯದಲ್ಲಿ ಸುಮಾರು ಅರ್ಧ ಪಾಲು, ಕೆಲವು ಕಡೆ ಇನ್ನೂ ಜಾಸ್ತಿ, ಜೀನಿನದು. 2019ರಲ್ಲಿ ಸುಮಾರು 17,000 ರೋಗಿಗಳ ಡಿಎನ್‌ಎ ನೋಡಿ ಅದರಲ್ಲಿ ಕಾಯಿಲೆಗೆ ನಂಟಿರುವ 8 ಜಾಗ ಗುರುತಿಸಿದರು. ಬರೀ ಮನಸ್ಸಿಗೆ ಸೇರಿದ್ದಲ್ಲ, ಮೈ ಸಕ್ಕರೆ ಮತ್ತು ಕೊಬ್ಬನ್ನ ಬಳಸುವ ರೀತಿಗೂ ಇದರ ಜೊತೆ ಸಂಬಂಧ ಕಂಡಿತು. ಹಾಗಂತ ಮನೆತನದಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬರುತ್ತದೆ ಅಂತ ಹೆದರಬೇಡಿ. ಚಿಕ್ಕವರಿದ್ದಾಗ ಡುಮ್ಮಿ ಅನ್ನುವ ಮಾತು ನನಗೂ ಬಿದ್ದಿತ್ತು, ಅವಳಿಗೂ ಬಿದ್ದಿತ್ತು. ನಾನು ಅತ್ತು, ಆಮೇಲೆ ಉಂಡೆ. ಅವಳಿಗೆ ಆಗಲಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಊಟ ಬಿಡುತ್ತಿದ್ದರೆ ನಮ್ಮ ಹಾಗೆ ಕಾಯಬೇಡಿ. ಮಾನಸಿಕ ಆರೋಗ್ಯಕ್ಕೆ ಅಂತ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈಗ ಅವಳು ಚೇತರಿಸಿಕೊಳ್ಳುತ್ತಿದ್ದಾಳೆ, ನಿಧಾನಕ್ಕೆ. ಬರುವ ತಿಂಗಳು ತಮ್ಮನ ಮದುವೆ. ಊಟದ ಪಂಕ್ತಿಯಲ್ಲಿ ಅವಳ ಪಕ್ಕ ಚಿಗವ್ವ ಕೂರುತ್ತಾಳೆ, ಇಬ್ಬರೂ ಮಾತಾಡಿಕೊಂಡಿದ್ದಾರೆ. ನೀವು ಎಲೆ ನೋಡಿ "ಇಷ್ಟೇ ಏನವ್ವಾ" ಅನ್ನಬೇಡಿ. "ಈಗ ಮೈ ತುಂಬಿಕೊಂಡಿದ್ದಿ ನೋಡು" ಅಂತ ಪ್ರೀತಿಯಿಂದಲೂ ಅನ್ನಬೇಡಿ. ಪರೀಕ್ಷೆ ಹೇಗಾಯಿತು ಅಂತ ಕೇಳಿ, ಚೆನ್ನಾಗಿ ಬರೆದಿದ್ದಾಳೆ.