‘ಹೈ ನೂನ್’ನಲ್ಲಿ ಊರು ಒಂದಾಗುವುದಿಲ್ಲ: ಒಂದು ಸ್ಪಷ್ಟನೆ

1952ರ ಹಾಲಿವುಡ್ ಚಿತ್ರ ‘ಹೈ ನೂನ್’ನಲ್ಲಿ ಮಾರ್ಷಲ್ (ಊರಿನ ಕಾನೂನು ಕಾಯುವ ಅಧಿಕಾರಿ) ವಿಲ್ ಕೇನ್ ಇಡೀ ಊರನ್ನು ಒಗ್ಗೂಡಿಸಿ ಗೂಂಡಾಗಳನ್ನು ಸೋಲಿಸಿದ, ನಾಯಕ ಅಂದ್ರೆ ಹೀಗಿರಬೇಕು ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಅದು ತಪ್ಪು. ಚಿತ್ರದಲ್ಲಿ ಆಗುವುದು ಪೂರ್ತಿ ಉಲ್ಟಾ.

ನ್ಯಾಯಾಧೀಶ ಗಂಟುಮೂಟೆ ಕಟ್ಟುತ್ತಾನೆ. ಚರ್ಚಿನಲ್ಲಿ ಸೇರಿದ ಜನ ಜೋರಾಗಿ ವಾದ ಮಾಡುತ್ತಾರೆ, ಕೊನೆಗೆ ಕೇನ್‌ಗೇ ಊರು ಬಿಡು ಅನ್ನುತ್ತಾರೆ. ನಾಲ್ವರ ಎದುರು ಅವನು ಒಬ್ಬನೇ. ನೆರವಾಗುವವಳು ಹೆಂಡತಿ ಏಮಿ ಮಾತ್ರ, ಅದೂ ಹಿಂಸೆಯೇ ಬೇಡ ಎಂದಿದ್ದವಳು! ಎಲ್ಲ ಮುಗಿದ ಮೇಲೆ ಜನ ಹೊರಬರುತ್ತಾರೆ (ಆಗ ಧೈರ್ಯ ಯಾಕೆ ಬೇಕು ಅಲ್ವಾ?). ಕೇನ್ ಬ್ಯಾಡ್ಜನ್ನು ಮಣ್ಣಿಗೆಸೆದು ಹೊರಟುಹೋಗುತ್ತಾನೆ. ಅನುಮಾನವಿದ್ದರೆ ಕೊನೆಯ ದೃಶ್ಯ ನೋಡಿ.

ಮಾರ್ಷಲ್ ಹೀಗೆ ಸಹಾಯ ಕೇಳುತ್ತಾ ಅಲೆಯುವುದು ಹಿಡಿಸದೆಯೇ ನಿರ್ದೇಶಕ ಹೋವರ್ಡ್ ಹಾಕ್ಸ್ 1959ರಲ್ಲಿ ಅದಕ್ಕೆ ಉತ್ತರವಾಗಿ ‘ರಿಯೊ ಬ್ರಾವೊ’ ಚಿತ್ರ ತೆಗೆದರು.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.